ಹೋದರೆ ಹೋಯಿತು, ಬರೆದು ನೋಡು

ಮೊನ್ನೆ ಒಂದು ಸೋಮವಾರ ಸಂಜೆ ಮಗಳು ಫೋನ್ ಮಾಡಿದಳು. "ಅಪ್ಪ, ಫೀಲ್ಡ್ ಥಿಯರಿ ಮತ್ತೆ ಬರೀಬೇಕು. ಈ ಸಲ ಡ್ರಿಟ್‌ಫೆರ್‌ಸೂಖ್. ಮೂರನೇ ಸಲ" ಅಂದಳು.

ನಾನು ಬೆಂಡೆಕಾಯಿ ಹೆಚ್ಚುತ್ತಿದ್ದೆ. ಫೋನ್ ಸ್ಪೀಕರ್‌ನಲ್ಲಿತ್ತು. "ಆಲ್ ದಿ ಬೆಸ್ಟ್ ಮಗಳೇ" ಅಂದೆ.

"ಅಷ್ಟೇನಾ?"

"ಇನ್ನೇನು? ಬರೆದು ನೋಡು. ಬಂದ್ರೆ ಬಂತು, ಹೋದ್ರೆ ಹೋಯ್ತು!"

ಫೋನ್ ಕಟ್ ಆಯಿತು. ಸಿಗ್ನಲ್ ಹೋಗಿರಬೇಕು ಅಂದುಕೊಂಡೆ. (ಜರ್ಮನಿಯ ಮೊಬೈಲ್ ಸಿಗ್ನಲ್ ಬಗ್ಗೆ ಈ ಅಂಕಣದಲ್ಲಿ ಸಾಕಷ್ಟು ಬೈದು ಮುಗಿಸಿದ್ದೇನೆ. ಇನ್ನೊಮ್ಮೆ ಬೇಡ.) ಬೆಂಡೆಕಾಯಿ ಪಲ್ಯ ಚೆನ್ನಾಗಿಯೇ ಬಂತು. ಎರಡು ಸಲ ಹಾಕಿಸಿಕೊಂಡು ತಿಂದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಹಳೆಯ ಓದುಗರಿಗೆ ನಮ್ಮ ಇಂಚರ ಗೊತ್ತು. ನಾವು ಮೈಸೂರು ಬಿಟ್ಟು ಸ್ಟುಟ್‌ಗಾರ್ಟ್‌ಗೆ ಬಂದಾಗ ಅವಳು ಕಿಂಡರ್‌ಗಾರ್ಟನ್ ಹುಡುಗಿ. ಕನ್ನಡದಲ್ಲಿ ಕೇಳಿದರೆ ಜರ್ಮನ್‌ನಲ್ಲಿ ಉತ್ತರ ಕೊಡುತ್ತಿದ್ದವಳು. ಈಗ ಡ್ರೆಸ್ಡೆನ್‌ನಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದುತ್ತಿದ್ದಾಳೆ. ಮನೆಯಿಂದ ಅಷ್ಟು ದೂರದ ಡ್ರೆಸ್ಡೆನ್ ಯಾಕೆ? ಅಲ್ಲಿ ಚಿಪ್ ಫ್ಯಾಕ್ಟರಿಗಳಿವೆ. ಡಿಗ್ರಿ ಮುಗಿಸಿ ಟ್ರಾಮ್ ಹತ್ತಿದರೆ ಕೆಲಸ ಸಿಗುತ್ತದೆ. ಈ ಲೆಕ್ಕ ಯಾರದ್ದು ಅಂತ ಬೇರೆ ಹೇಳಬೇಕಾ?

ಮರುದಿನ ಫೊಯರ್‌ಬಾಕ್‌ನ ನಮ್ಮ ಕಾರ್ಖಾನೆಯ ಕ್ಯಾಂಟೀನ್‌ನಲ್ಲಿ ಯೆನ್ಸ್ ಎದುರಿಗೆ ಕೂತಿದ್ದ. ಯೆನ್ಸ್ ನನ್ನ ಟೀಮಿನವನು, ಇಲ್ಲೇ ಹುಟ್ಟಿ ಇಲ್ಲೇ ಓದಿದವನು. ಮಾತಿಗೆ ಮಾತು ಬಂದು, ಇವತ್ತು ಸೆಖೆ ಜಾಸ್ತಿ ಅನ್ನುವಷ್ಟೇ ಸಲೀಸಾಗಿ ಹೇಳಿದೆ. ಮಗಳು ಮುಂದಿನ ವಾರ ಒಂದು ಪೇಪರ್ ಮೂರನೇ ಸಲ ಬರೆಯುತ್ತಿದ್ದಾಳೆ ಅಂತ.

ಯೆನ್ಸ್‌ನ ಫೋರ್ಕ್ ಬಾಯಿಯ ಹತ್ತಿರ ನಿಂತಿತು. ಆಲೂಗಡ್ಡೆ ಜಾರಿ ತಟ್ಟೆಗೆ ಬಿತ್ತು.

"ಮೂರನೇದಾ? ಮತ್ತೆ ನೀನು ಇಲ್ಲಿ ಆರಾಮಾಗಿ ಊಟ ಮಾಡ್ತಿದ್ದೀಯಾ?"

ಆಮೇಲೆ ಅವನು ಹೇಳಿದ್ದು ಕೇಳಿ ನನ್ನ ಕೈಯಲ್ಲಿದ್ದ ಚಮಚವೂ ನಿಂತಿತು. ಇಲ್ಲಿ ಒಂದು ಪರೀಕ್ಷೆಗೆ ಸಾಮಾನ್ಯವಾಗಿ ಮೂರೇ ಅವಕಾಶ. ಮೂರನೆಯದೂ ಹೋಯಿತೋ, ಇಡೀ ಕೋರ್ಸೇ ಹೋಯಿತು. ಆ ಒಂದು ಪೇಪರ್ ಅಲ್ಲ, ಕೋರ್ಸು! ಬೇರೆ ಊರಿಗೆ ಹೋಗಿ ಸೇರಿಕೊಳ್ಳೋಣ ಅಂದರೆ, ಅದೇ ವಿಷಯಕ್ಕೆ ದೇಶದಲ್ಲಿ ಎಲ್ಲೂ ಸೇರಿಸಿಕೊಳ್ಳುವುದಿಲ್ಲ. ಬಾಗಿಲು ಬಂದ್.

ತಪ್ಪಿಸಿಕೊಳ್ಳುವ ದಾರಿ ಒಂದೇ. ಮೂರನೇ ಪರೀಕ್ಷೆಗೆ ಕೂರುವ ಮುಂಚೆಯೇ ಹೆಸರು ವಾಪಸ್ ತೆಗೆದು, ವಿಷಯ ಬದಲಾಯಿಸಿಕೊಂಡು ಹೊರಟುಬಿಡಬೇಕು. ಆಗ ಯಾವ ಕಪ್ಪುಚುಕ್ಕೆಯೂ ಇಲ್ಲ. ಅಂದರೆ, ಪಾಸಾಗುತ್ತೀಯೋ ಇಲ್ಲವೋ ಗೊತ್ತಾಗುವ ಮುಂಚೆಯೇ ಇರುತ್ತೀಯೋ ಹೋಗುತ್ತೀಯೋ ಹೇಳಬೇಕು. ಎಂಥ ಆಟ ನೋಡಿ!

"ಹೆಸರು ತೆಗೆಯೋಕೆ ಕೊನೇ ದಿನ ಯಾವತ್ತು?" ಯೆನ್ಸ್ ಕೇಳಿದ.

ಮಗಳಿಗೆ ಮೆಸೇಜ್ ಹಾಕಿದೆ. ತಕ್ಷಣ ಉತ್ತರ ಬಂತು. "ಗುರುವಾರ, ನಾಲ್ಕು ಗಂಟೆ."

ಅವತ್ತು ಮಂಗಳವಾರ.

ಈಗ ನೀವು ಕೇಳಬಹುದು. ಇಷ್ಟು ವರ್ಷ ಈ ದೇಶದಲ್ಲಿದ್ದೀರಿ, ಇಷ್ಟೂ ಗೊತ್ತಿರಲಿಲ್ಲವಾ? ಇರಲಿಲ್ಲ ಸ್ವಾಮಿ. ನಾನು ಇಲ್ಲಿ ಕೆಲಸ ಮಾಡಿದ್ದೇನೆ, ಓದಿಲ್ಲ. ನಾನು ಓದಿದ್ದು ನಮ್ಮ ಕಡೆ. ನಮ್ಮ ಕಡೆ ಎಂಜಿನಿಯರಿಂಗ್ ಮಾಡಿದವರ ಮುಂದೆ "ಎಂ ಥ್ರೀ" ಅಂದು ನೋಡಿ. ಈಗಲೂ ಎದೆ ಝಲ್ಲೆನ್ನುತ್ತದೆ. ಮೂರನೇ ಸೆಮಿಸ್ಟರಿನ ಗಣಿತ. ಅರ್ಧ ಕ್ಲಾಸ್ ಅದರಲ್ಲಿ ಢುಮ್ಕಿ. ಮುಂದಿನ ಸೆಮಿಸ್ಟರಿನಲ್ಲಿ ಮತ್ತೆ ಬರೆಯುವುದು, ಮತ್ತೆ ಢುಮ್ಕಿ, ರೀವ್ಯಾಲ್ಯುಯೇಷನ್ ಹಾಕುವುದು, ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವುದು, ಮತ್ತೆ ಬರೆಯುವುದು. ಅದು ನಮಗೆ ಅವಮಾನ ಆಗಿರಲಿಲ್ಲ, ಋತುಮಾನ ಆಗಿತ್ತು. ಬಸ್ ತಪ್ಪಿದರೆ ಹಿಂದೆಯೇ ಇನ್ನೊಂದು ಬಸ್ ಬರುತ್ತದಲ್ಲ, ಹಾಗೆ.

ನಾನು ಎಂ ಥ್ರೀ ಪಾಸಾಗಿದ್ದು ನಾಲ್ಕನೇ ಸಲಕ್ಕೆ. ಸರಿಯಾಗಿ ಪಾಸಾಗುವಷ್ಟೇ ಮಾರ್ಕ್ಸು, ಒಂದು ಹೆಚ್ಚಿಲ್ಲ. ಅಮ್ಮ ಇಡೀ ಬೀದಿಗೆ ಮೈಸೂರು ಪಾಕ್ ಹಂಚಿದ್ದರು. "ನನ್ನ ಮಗ ಪಟ್ಟು ಬಿಡಲಿಲ್ಲ ನೋಡಿ" ಅಂತ ಮನೆಮನೆಗೆ ಹೋಗಿ ಹೇಳಿದ್ದರು. ಈ ಕಥೆಯನ್ನು ನಾನು ಇಲ್ಲಿನ ಕನ್ನಡ ಸಂಘದ ಗಣೇಶನ ಹಬ್ಬದಲ್ಲಿ ಹೇಳಿದ್ದೇನೆ, ಬರ್ತ್‌ಡೇ ಪಾರ್ಟಿಗಳಲ್ಲಿ ಹೇಳಿದ್ದೇನೆ, ಇಂಚರ ಡ್ರೆಸ್ಡೆನ್‌ಗೆ ಸೂಟ್‌ಕೇಸ್ ಕಟ್ಟುವಾಗ ಪಕ್ಕದಲ್ಲಿ ಕೂತು ಹೇಳಿದ್ದೇನೆ. ನನ್ನ ಜೀವನದಲ್ಲಿ ಹೇಳಿಕೊಳ್ಳುವಂಥ ಶೌರ್ಯ ಅಂತ ಇರುವುದು ಅದೊಂದೇ ನೋಡಿ.

ಕ್ಯಾಂಟೀನ್‌ನಿಂದ ಹೊರಗೆ ಬಂದವನೇ ಮಗಳಿಗೆ ಫೋನ್ ಮಾಡಿದೆ.

"ಇಂಚೂ, ಬರೀಬೇಡ. ಬಿಟ್ಟುಬಿಡು. ಬೇರೆ ಏನಾದ್ರೂ ಓದು."

"ನಿನ್ನೆ ಬರಿ ಅಂದೆ."

"ನಿನ್ನೆ ನಂಗೆ ಗೊತ್ತಿರ್ಲಿಲ್ಲ."

"ಇವತ್ತು ಏನು ಗೊತ್ತಾಯ್ತು? ನನ್ನ ಕೈಲಿ ಆಗಲ್ಲ ಅಂತಾನಾ?"

ಕಟ್. ಈ ಸಲ ನಾನು ಸಿಗ್ನಲ್ ಮೇಲೆ ಗೂಬೆ ಕೂರಿಸಲಿಲ್ಲ.

ಅತ್ತ ದರಿ, ಇತ್ತ ಪುಲಿ. ಬರಿ ಅಂದರೆ, ಸೋತರೆ ಕೋರ್ಸೇ ಹೋಗುತ್ತದೆ. ಬೇಡ ಅಂದರೆ, ನಿನ್ನ ಮೇಲೆ ನಂಬಿಕೆ ಇಲ್ಲ ಅಂದಂತೆ. ಸುಮ್ಮನಿದ್ದರೆ ಅಪ್ಪನಿಗೆ ಕಾಳಜಿಯೇ ಇಲ್ಲ. ಅಪ್ಪ ಆಗುವುದಕ್ಕೆ ಯಾರೂ ಯಾಕೆ ಒಂದು ಪರೀಕ್ಷೆ ಇಟ್ಟಿಲ್ಲ? (ಇಟ್ಟಿದ್ದರೆ ನಾನು ಎಷ್ಟನೇ ಸಲಕ್ಕೆ ಪಾಸಾಗುತ್ತಿದ್ದೆ ಅಂತ ಲೆಕ್ಕ ಹಾಕಬೇಡಿ.)

ಬುಧವಾರ ತಡೆಯಲಾರದೆ ಮೈಸೂರಿನಲ್ಲಿರುವ ನಮ್ಮಣ್ಣನಿಗೆ ಫೋನ್ ಮಾಡಿದೆ. ನಮ್ಮ ಮನೆಯಲ್ಲಿ ಯಾವ ಕಷ್ಟ ಬಂದರೂ ಮೊದಲು ಅವನ ಕಿವಿಗೆ ಬೀಳಬೇಕು, ಅದು ಸಂಪ್ರದಾಯ. ಎಲ್ಲಾ ಕೇಳಿಸಿಕೊಂಡು ಒಂದು ಕ್ಷಣವೂ ಯೋಚಿಸದೆ ತೀರ್ಪು ಕೊಟ್ಟ.

"ನೀರಿಗೆ ಇಳಿದ ಮೇಲೆ ಚಳಿ ಏನು, ಮಳೆ ಏನು! ಬರೀಲಿ ಬಿಡೋ. ಹೋದ್ರೆ ರೀವ್ಯಾಲ್ಯುಯೇಷನ್‌ಗೆ ಹಾಕ್ಸು."

"ಅಣ್ಣ, ಇಲ್ಲಿ ಹಾಗಲ್ಲ..."

"ಎಲ್ಲಾ ಕಡೆನೂ ಹಾಗೇನೇ ಕಣೋ. ಯೂನಿವರ್ಸಿಟಿಲಿ ಯಾರಾದ್ರೂ ಗೊತ್ತಿರೋರು ಇಲ್ವಾ? ನಿಮ್ಮ ಸಂಘದಲ್ಲಿ ವಿಚಾರಿಸು."

ಅಡುಗೆಮನೆಯಿಂದ ನನ್ನ ಹೆಂಡತಿ ಸುಮಾ ಇದೆಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಎರಡು ದಿನದಿಂದ ಅವಳು ಹೆಚ್ಚು ಮಾತಾಡಿರಲಿಲ್ಲ. ಅದು ಒಳ್ಳೆಯ ಲಕ್ಷಣ ಅಲ್ಲ ಅಂತ ಮದುವೆಯಾದ ಗಂಡಸರಿಗೆ ಬಿಡಿಸಿ ಹೇಳಬೇಕಾಗಿಲ್ಲ.

"ರೀ, ಫೋನ್ ಇಡಿ. ನಾಳೆ ಬೆಳಗ್ಗೆ ಡ್ರೆಸ್ಡೆನ್‌ಗೆ ಹೋಗಿ. ನಂಗೆ ರಜ ಸಿಗಲ್ಲ, ಇಲ್ಲದಿದ್ರೆ ನಾನೇ ಹೋಗ್ತಿದ್ದೆ."

"ಹೋಗಿ ಏನು ಹೇಳ್ಲಿ?"

"ಏನೂ ಹೇಳ್ಬೇಡಿ. ಪುಳಿಯೋಗರೆ ಕಟ್ಟಿಕೊಡ್ತೀನಿ. ಅವಳಿಗೆ ಕೊಟ್ಟು, ಬಾಯಿ ಮುಚ್ಕೊಂಡು ಪಕ್ಕದಲ್ಲಿ ಕೂತ್ಕೊಳ್ಳಿ. ಮಾತಾಡಿದ್ರೆ ಕೇಳಿ. ಆಮೇಲೆ, ದಯವಿಟ್ಟು, ಎಂ ಥ್ರೀ ಕಥೆ ಮಾತ್ರ ಬೇಡ."

ಗುರುವಾರ ಸೂರ್ಯ ಹುಟ್ಟುವ ಹೊತ್ತಿಗೆ ರೈಲು ಹತ್ತಿದೆ. ಮಧ್ಯಾಹ್ನದ ಹೊತ್ತಿಗೆ ಡ್ರೆಸ್ಡೆನ್‌ನಲ್ಲಿ ಇರಬೇಕಿತ್ತು. ಮಗಳ ಜೊತೆ ಊಟ ಮಾಡಿ, ಎಲ್ಬೆ ನದಿ ದಂಡೆಯಲ್ಲಿ ನಡೆದು, ಸಮಾಧಾನವಾಗಿ ಬಾಯಿ ಮುಚ್ಚಿಕೊಂಡಿರಬೇಕು ಅಂತ ನನ್ನ ಪ್ಲಾನು. ಆದರೆ ಪ್ಲಾನ್ ಮಾಡಿದ್ದು ನಾನು, ಗಾಡಿ ಓಡಿಸುವುದು ಬೇರೆಯವರು. ಮ್ಯಾನ್‌ಹೈಮ್ ದಾಟುವಾಗಲೇ ಗಾಡಿ ಬಯಲಲ್ಲಿ ನಿಂತಿತು. ಸಿಗ್ನಲ್ ಕೆಟ್ಟಿದೆಯಂತೆ. ಜುಲೈ ಬಿಸಿಲು, ಬೋಗಿಯಲ್ಲಿ ಎಸಿ ಇಲ್ಲ, ಪುಳಿಯೋಗರೆ ಘಮಘಮ. ಎದುರಿನ ಅಜ್ಜಿ ನನ್ನ ಚೀಲವನ್ನೇ ಅನುಮಾನದಿಂದ ನೋಡುತ್ತಿದ್ದರು. ಫ್ರಾಂಕ್‌ಫರ್ಟ್‌ಗೆ ತಲುಪಿದಾಗ ನನ್ನ ಮುಂದಿನ ಗಾಡಿ ಪ್ಲಾಟ್‌ಫಾರ್ಮಿನ ತುದಿ ದಾಟಿ ಹೋಗುತ್ತಿತ್ತು. ಅದರ ಬೆನ್ನು ನೋಡಿದೆ.

"ಅಪ್ಪ ಎಲ್ಲಿದ್ದೀಯ?"

"ಬರ್ತಿದ್ದೀನಿ ಮಗಳೇ."

ಎರಡು ಗಂಟೆ ಕಾದು ಮುಂದಿನ ಗಾಡಿ ಹತ್ತಿದೆ. ಅಲ್ಲಿಂದ ಡ್ರೆಸ್ಡೆನ್‌ವರೆಗೆ ನಾನು ಗಡಿಯಾರ ಬಿಟ್ಟು ಬೇರೇನನ್ನೂ ನೋಡಲಿಲ್ಲ. ಅವಳು ಹೆಸರು ತೆಗೆದುಬಿಟ್ಟಿದ್ದಾಳಾ? ತೆಗೆದಿಲ್ಲವಾ? ಕೇಳುವ ಹಾಗಿಲ್ಲ. ಕೇಳಿದರೆ ಅದೂ ಒಂದು ಅಭಿಪ್ರಾಯ. ಬೆರಳು ಫೋನಿನ ಮೇಲೆ ಹೋಗುವುದು, ಸುಮಾ ಮುಖ ನೆನಪಾಗುವುದು, ವಾಪಸ್ ಬರುವುದು.

ಗಾಡಿ ಇಳಿದಾಗ ಮೂರು ಗಂಟೆ ದಾಟಿತ್ತು. ಇಂಚರ ಪ್ಲಾಟ್‌ಫಾರ್ಮಿಗೇ ಬಂದಿದ್ದಳು, ಬೆನ್ನಿಗೆ ಬ್ಯಾಗು, ಕೈಯಲ್ಲಿ ಲ್ಯಾಪ್‌ಟಾಪು. ಇಳಿದುಹೋಗಿದ್ದಳು ಹುಡುಗಿ. ಕಣ್ಣ ಕೆಳಗೆ ಕಪ್ಪು. ಹೊರಗೆ ಹೋಗಲು ಹೊತ್ತಿರಲಿಲ್ಲ, ಅಲ್ಲೇ ಒಂದು ಬೆಂಚಿನ ಮೇಲೆ ಕೂತೆವು. ನಾನು ಡಬ್ಬಿ ತೆಗೆದು ಕೊಟ್ಟೆ. ಅವಳು ತಿನ್ನತೊಡಗಿದಳು. ನಾನು ಬಾಯಿ ಮುಚ್ಚಿಕೊಂಡೆ. ಬಹಳ ಕಷ್ಟದ ಕೆಲಸ ಅದು, ಮಾಡಿ ನೋಡಿ.

ನಾಲ್ಕು ತುತ್ತು ತಿಂದ ಮೇಲೆ ಅವಳೇ ಶುರು ಮಾಡಿದಳು. ಪರೀಕ್ಷೆ ಬಗ್ಗೆ ಅಲ್ಲ.

"ಫ್ರಾಂಕ್‌ಫರ್ಟ್‌ನಲ್ಲಿ ನಿನ್ನ ಗಾಡಿ ಯಾಕೆ ತಪ್ತು ಗೊತ್ತಾ?"

"ಸಿಗ್ನಲ್ ಕೆಟ್ಟಿತ್ತಂತೆ."

"ಸಿಗ್ನಲ್ ಕೆಟ್ಟಿದ್ದು ನಿನ್ನ ಗಾಡಿಗೆ. ಆ ಇನ್ನೊಂದು ಗಾಡಿ ನಿನಗೋಸ್ಕರ ಕಾಯಬಹುದಿತ್ತು. ಕಾದಿದ್ರೆ ಅದರ ಹಿಂದಿಂದು ನಿಲ್ಲುತ್ತೆ, ಆಮೇಲೆ ಅದರ ಹಿಂದಿಂದು. ನಿನ್ನೊಬ್ಬನ್ನ ಬಿಟ್ಟು ಹೋಗೋದಾ, ಎಲ್ರನ್ನೂ ಲೇಟ್ ಮಾಡೋದಾ? ಯಾರೋ ಒಬ್ರು ಕೂತು ಡಿಸೈಡ್ ಮಾಡ್ತಾರೆ, ಅಪ್ಪ. ಟೈಮ್‌ಟೇಬಲ್ ಮಾಡುವಾಗಲೇ ಎಲ್ಲೆಲ್ಲಿ ಎಷ್ಟು ನಿಮಿಷ ಸಡಿಲ ಬಿಡ್ಬೇಕು ಅಂತ..."

ಪುಳಿಯೋಗರೆ ಡಬ್ಬಿಯ ಮುಚ್ಚಳದ ಮೇಲೆ ಕಡಲೆಬೀಜ ಸಾಲಾಗಿ ಇಟ್ಟು ಗಾಡಿಗಳನ್ನು ಓಡಿಸಿ ತೋರಿಸಿದಳು. ಒಂದು ಬೀಜ ಫ್ರಾಂಕ್‌ಫರ್ಟು, ಇನ್ನೊಂದು ಲೈಪ್‌ಜಿಗ್ಗು. ಕೈ ಆಡುತ್ತಿತ್ತು, ಕಣ್ಣು ಹೊಳೆಯುತ್ತಿತ್ತು. ಎರಡು ವರ್ಷದಲ್ಲಿ ಅವಳು ತನ್ನ ಓದಿನ ಬಗ್ಗೆ ಹೀಗೆ ಮಾತಾಡಿದ್ದು ನಾನು ಕೇಳಿರಲಿಲ್ಲ. ಮೇಲೆ ತೂಗುತ್ತಿದ್ದ ಗಡಿಯಾರದಲ್ಲಿ ಮೂರೂವರೆ.

"ಇದೆಲ್ಲಾ ನಿನಗೆ ಹೇಗೆ ಗೊತ್ತು?" ಕೇಳಿಯೇ ಬಿಟ್ಟೆ.

"ಟ್ರಾನ್ಸ್‌ಪೋರ್ಟ್ ಓದೋರ ಕ್ಲಾಸಿಗೆ ಹೋಗಿ ಹಿಂದೆ ಕೂತ್ಕೋತೀನಿ. ಈ ಸೆಮಿಸ್ಟರ್ ಪೂರ್ತಿ. ಯಾರೂ ಏನೂ ಕೇಳಲ್ಲ."

"ಹಾಗಾದ್ರೆ ಫೀಲ್ಡ್ ಥಿಯರಿ ಓದೇ ಇಲ್ವಾ?"

"ಓದಿದ್ದೀನಿ. ಹಿಂದಿನ ಎರಡು ಸಲಕ್ಕಿಂತ ಚೆನ್ನಾಗಿ ಓದಿದ್ದೀನಿ. ಹಳೇ ಪೇಪರ್‌ಗಳೆಲ್ಲಾ ಬರ್ತಿವೆ."

ನನ್ನ ಎದೆಯ ಮೇಲಿಂದ ಒಂದು ಚೀಲ ಅಕ್ಕಿ ಇಳಿಸಿದಂತಾಯಿತು. "ಮತ್ತೆ ಯಾಕಮ್ಮ ಇಷ್ಟು ಹೆದರಿದ್ದೀಯ? ಪಾಸಾಗ್ತೀಯಲ್ಲ!"

"ಅದೇ ಭಯ ಅಪ್ಪ."

ನನಗೆ ಅರ್ಥವಾಗಲಿಲ್ಲ.

"ಫೇಲಾದ್ರೆ ಅವರೇ ಹೊರಗೆ ಹಾಕ್ತಾರೆ. ಬೇರೆ ಸಬ್ಜೆಕ್ಟ್ ತಗೊಳ್ಳೋಕೆ ಕಾರಣ ಸಿಗುತ್ತೆ. ಪಾಸಾಗ್ಬಿಟ್ರೆ? ಯಾವ ಬಾಯಲ್ಲಿ ಬಿಡ್ತೀನಿ ಅಂತ ಹೇಳ್ಲಿ? ನೀವೆಲ್ಲಾ ಮೈಸೂರ್ ಪಾಕ್ ಹಂಚ್ತೀರ. ನಾಲ್ಕು ಸಲ ಬರೆದ ಅಪ್ಪನ ಮಗಳು ಅಂತೀರ. ಆಮೇಲೆ ನಾನು ಅಲ್ಲೇ. ಲೈಫ್ ಪೂರ್ತಿ."

ಸುಮಾ ಬೇಡ ಅಂದಿದ್ದ ಕಥೆಯನ್ನು ನಾನು ತೆಗೆಯಲಿಲ್ಲ. ಮಗಳೇ ತೆಗೆದಳು. ಅದು ಅವಳ ಬ್ಯಾಗಿನಲ್ಲೇ ಇತ್ತಲ್ಲ, ನಾನೇ ಸೂಟ್‌ಕೇಸ್ ಪಕ್ಕ ಕೂತು ತುಂಬಿದ್ದು.

"ಒಂದು ಕೇಳ್ಲಾ? ಪಾಸಾದ್ಮೇಲೆ ಎಂ ಥ್ರೀನ ಎಲ್ಲಾದ್ರೂ ಯೂಸ್ ಮಾಡಿದ್ಯಾ?"

ಯೋಚಿಸಿದೆ. ಪ್ರಾಮಾಣಿಕವಾಗಿ ಯೋಚಿಸಿದೆ. "ಮಾಡಿದ್ದೀನಿ."

"ಎಲ್ಲಿ?"

"ಕಥೆ ಹೇಳೋಕೆ."

ಇಬ್ಬರೂ ನಕ್ಕೆವು. ನಗು ಮುಗಿದ ಕೂಡಲೇ ಇಬ್ಬರ ಕಣ್ಣೂ ಗಡಿಯಾರದ ಮೇಲೆ ಹೋಯಿತು. ಅವಳು ಲ್ಯಾಪ್‌ಟಾಪ್ ತೆರೆದಳು. ಯೂನಿವರ್ಸಿಟಿಯ ಪೋರ್ಟಲ್ ತೆರೆಯಿತು. ಪರೀಕ್ಷೆಯ ಹೆಸರು, ಅದರ ಎದುರಿಗೆ ಹೆಸರು ವಾಪಸ್ ತೆಗೆಯುವ ಬಟನ್. ಅವಳ ಬೆರಳು ಅದರ ಹತ್ತಿರ ಹೋಗಿ ನಿಂತಿತು.

"ಏನಾದ್ರೂ ಹೇಳು ಅಪ್ಪ."

ಬರಿ ಅನ್ನಲಾ? ಬೇಡ ಅನ್ನಲಾ? ಎರಡನ್ನೂ ಒಂದೊಂದು ಸಲ ಹೇಳಿ ಎರಡು ಸಲವೂ ಫೇಲಾಗಿದ್ದೆ. ಇದು ನನ್ನ ಮೂರನೇ ಅವಕಾಶ.

"ನಂಗೆ ಭಯ ಆಗ್ತಿದೆ" ಅಂದೆ. "ಪಾಸಾಗೋ ಪೇಪರ್ ಬಿಟ್ಟು ಎದ್ದು ಬಂದವರು ನಮ್ಮನೇಲಿ ಯಾರೂ ಇಲ್ಲ. ಆಮೇಲೆ ಏನಾಗುತ್ತೆ ಅಂತ ನಂಗೆ ಗೊತ್ತಿಲ್ಲ."

ಅವಳು ನನ್ನನ್ನೇ ನೋಡಿದಳು. "ನಂಗೂ" ಅಂದಳು. ಬಟನ್ ಒತ್ತಿದಳು.

ಏನೂ ಆಗಲಿಲ್ಲ! ಪರದೆಯ ಮೇಲೆ ಚಕ್ರ ತಿರುಗುತ್ತಿತ್ತು. ಸ್ಟೇಷನ್‌ನ ವೈಫೈ ಹೋಗಿತ್ತು. ನಾನು ಹಾಟ್‌ಸ್ಪಾಟ್ ಹಾಕಿದೆ. ಸಿಗ್ನಲ್ ಒಂದೇ ಕಡ್ಡಿ. ಫೋನ್ ಎತ್ತಿ ಹಿಡಿದೆ, ಬೆಂಚಿನ ಮೇಲೆ ಹತ್ತಿ ನಿಂತೆ. ಜನ ನೋಡುತ್ತಿದ್ದರು, ನೋಡಲಿ. ಚಕ್ರ ತಿರುಗಿತು, ನಿಂತಿತು, ಮತ್ತೆ ತಿರುಗಿತು. ನಾಲ್ಕಕ್ಕೆ ಇನ್ನು ಕೆಲವೇ ನಿಮಿಷ. ಮೂರು ದಿನದ ಹಿಂದೆ ಬರೆದು ನೋಡು ಅಂದವನು ಈಗ ಪ್ಲಾಟ್‌ಫಾರ್ಮ್ ಬೆಂಚಿನ ಮೇಲೆ ನಿಂತು, ಮಗಳು ಬರೆಯದಿರಲಿ ತಾಯಿ ಚಾಮುಂಡೇಶ್ವರಿ ಅಂತ ಬೇಡಿಕೊಳ್ಳುತ್ತಿದ್ದೆ. ಆ ತಾಯಿಗೂ ಗಲಿಬಿಲಿ ಆಗಿರಬೇಕು. ನಮ್ಮ ವಂಶದಿಂದ ಇಂಥ ಹರಕೆ ಹಿಂದೆ ಹೋಗಿರಲಿಕ್ಕಿಲ್ಲ.

"ಖಚಿತವೇ?" ಅಂತ ಪೋರ್ಟಲ್ ಕೇಳಿತು. ಖಚಿತ ಅಂದಳು. ಹಸಿರು ಗುರುತು ಬಂತು.

ಅವಳು ಅಳಲಿಲ್ಲ. ಡಬ್ಬಿಯಲ್ಲಿ ಉಳಿದಿದ್ದ ಪುಳಿಯೋಗರೆ ಪೂರ್ತಿ ತಿಂದಳು, ಲೈಪ್‌ಜಿಗ್, ಫ್ರಾಂಕ್‌ಫರ್ಟ್ ಸಮೇತ. ಕಣ್ಣು ಒರೆಸಿಕೊಂಡವನು ನಾನು.

ಇಲ್ಲಿಗೆ ಎಲ್ಲವೂ ಸುಖಾಂತ್ಯ ಅಂತ ನಾನು ಹೇಳುವುದಿಲ್ಲ. ಅಕ್ಟೋಬರ್‌ನಿಂದ ಅವಳಿಗೆ ಹೊಸ ಕೋರ್ಸು, ಅದೇ ಟ್ರಾನ್ಸ್‌ಪೋರ್ಟು, ಮತ್ತೆ ಮೊದಲನೇ ವರ್ಷ. ಎರಡು ವರ್ಷ ಕೆಳಗಿನವರ ಜೊತೆ ಕೂರಬೇಕು. ಕಡಲೆಬೀಜದಲ್ಲಿ ಚೆಂದ ಕಂಡದ್ದು ಪುಸ್ತಕದಲ್ಲೂ ಚೆಂದ ಕಾಣುತ್ತದೆ ಅಂತ ಏನು ಗ್ಯಾರಂಟಿ? ಅಲ್ಲೂ ಒಂದು ಎಂ ಥ್ರೀ ಕಾದಿರುವುದಿಲ್ಲವೇ? ಗೊತ್ತಿಲ್ಲ. ನನಗೆ ಈಗಲೂ ಸರಿಯಾಗಿ ನಿದ್ದೆ ಬರುತ್ತಿಲ್ಲ. ಬಿಡಬೇಕಾದ್ದನ್ನು ಬಿಟ್ಟಳೋ, ಓಡಿಹೋದಳೋ ಅನ್ನುವ ಹುಳ ಒಳಗೆ ಕೊರೆಯುತ್ತಲೇ ಇದೆ.

ಆದರೆ ಒಂದು ಮಾತು ಕಾಡುತ್ತದೆ. ನಾವು ಮಕ್ಕಳಿಗೆ ಸೋಲಿಗೆ ಹೆದರಬೇಡ ಅಂತ ದಿನಾ ಹೇಳುತ್ತೇವೆ. ಬಿದ್ದರೆ ಏಳು, ಹೋದರೆ ಮತ್ತೆ ಬರಿ, ಪಟ್ಟು ಬಿಡಬೇಡ. ಎಲ್ಲಾ ಸರಿ. ಆದರೆ ಗೆದ್ದ ಮೇಲೂ ಬಿಡಬಹುದು ಅಂತ ನಮ್ಮಲ್ಲಿ ಯಾರು ಯಾರಿಗೆ ಹೇಳಿದ್ದಾರೆ? ಪಾಸಾಗಿದ್ದೀಯ, ಈಗ ನಿನ್ನಿಷ್ಟ, ಬೇಕಾದರೆ ಇರು, ಬೇಡವಾದರೆ ಹೊರಡು ಅಂತ? ನಮ್ಮಮ್ಮ ಹಾಗಂದಿದ್ದರೆ ನಾನು ಏನಾಗುತ್ತಿದ್ದೆ? (ಹೆದರಬೇಡಿ, ಅಂಕಣಕಾರನಂತೂ ಆಗಿಯೇ ಇರುತ್ತಿದ್ದೆ.)

ಮುಂದಿನ ಸೋಮವಾರ ಪರೀಕ್ಷೆ ನಡೆಯಿತು, ನಮ್ಮ ಹುಡುಗಿ ಇಲ್ಲದೆ. ಸಂಜೆ ಅವಳ ಮೆಸೇಜ್ ಬಂತು. ಗೆಳತಿಯಿಂದ ಪ್ರಶ್ನೆಗಳನ್ನೆಲ್ಲಾ ಕೇಳಿ ತಿಳಿದುಕೊಂಡಳಂತೆ. "ಎಲ್ಲಾ ಬರ್ತಿತ್ತು ಅಪ್ಪ" ಅಂತ ಬರೆದು ಪಕ್ಕದಲ್ಲಿ ಒಂದು ರೈಲಿನ ಚಿತ್ರ ಹಾಕಿದ್ದಳು.

ಅದನ್ನು ಓದಿ ಮುಗಿಸುವಷ್ಟರಲ್ಲಿ ಅಣ್ಣನ ಫೋನ್.

"ಏನಾಯ್ತೋ? ಬರೆದ್ಲಾ?"

"ಇಲ್ಲ ಅಣ್ಣ, ಹೆಸರು ವಾಪಸ್ ತಗೊಂಡ್ಲು."

"ಅಯ್ಯೋ ಪೆದ್ದಿ! ಬರೆದಿದ್ರೆ ಪಾಸೇ ಆಗ್ಬಿಡ್ತಿದ್ಲೇನೋ ಕಣೋ!"

"ಹೌದಣ್ಣ" ಅಂದೆ. "ಸ್ವಲ್ಪದರಲ್ಲಿ ಪಾರಾದ್ಲು."